ಪಾಠ ಚಿಕ್ಕದಿರಲಿ, ಜೊತೆಗೊಬ್ಬರಿರಲಿ

ಜೆಸ್ವಿಟ್ ಶಿಕ್ಷಣ ಎಂದರೆ ನಮಗೆ ಥಟ್ಟನೆ ಹೊಳೆಯುವುದು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಂಥ ಗಂಭೀರ ಕಟ್ಟಡ, ಗಂಟೆ, ಶಿಸ್ತು. ಆದರೆ ಈ ಪರಂಪರೆಯ ಬೇರು ತರಗತಿಯಲ್ಲಿಲ್ಲ. ಅದು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಬರೆದು, 1548ರಲ್ಲಿ ಅಚ್ಚಾದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯಲ್ಲಿದೆ. ಸುಮಾರು ಮೂವತ್ತು ದಿನ ಏಕಾಂತದಲ್ಲಿ ಮಾಡಬೇಕಾದ ಸಾಧನೆ ಅದು. ಮನೆ, ಕೆಲಸ ಬಿಟ್ಟು ಬರಲಾಗದವರಿಗೂ ಅದರಲ್ಲೊಂದು ದಾರಿಯಿದೆ: ಇದ್ದಲ್ಲೇ ಇದ್ದು, ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು, ಮಾರ್ಗದರ್ಶಕರ ನೆರವಿನಿಂದ ಮುಂದುವರಿಯುವುದು. ದೂರದಿಂದ ಕಲಿಯುವವರ ಕಷ್ಟವನ್ನು ಅಷ್ಟು ಹಿಂದೆಯೇ ಅರಿತಿದ್ದ ಮಾತಿದು.

ಅದೇ ಪುಸ್ತಕದ ಇನ್ನೊಂದು ಸೂಚನೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಮಾರ್ಗದರ್ಶಕ ವಿಷಯವನ್ನು ಚುಟುಕಾಗಿ ತೆರೆದಿಟ್ಟು ಸರಿದು ನಿಲ್ಲಬೇಕು. ಕಲಿಯುವವನು ತಾನೇ ಕಂಡುಕೊಂಡದ್ದು ಅವನೊಳಗೆ ಹೆಚ್ಚು ಇಳಿಯುತ್ತದೆ. ನಮ್ಮ ಆನ್‌ಲೈನ್ ಕೋರ್ಸುಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಒಂದು ಗಂಟೆಯ ಉಪನ್ಯಾಸವನ್ನು ಚಿತ್ರೀಕರಿಸಿ ಏರಿಸುತ್ತೇವೆ, ಕೊನೆಗೆ ಹತ್ತು ಬಹುಆಯ್ಕೆ ಪ್ರಶ್ನೆ. ಹತ್ತು ನಿಮಿಷದ ವಿಡಿಯೊ, ಆಮೇಲೆ ತನ್ನ ಊರಿನ ಕೆರೆಯನ್ನೋ ಸಂತೆಯನ್ನೋ ನೋಡಿ ಬರೆಯುವ ಕೆಲಸ, ಬರೆದದ್ದಕ್ಕೆ ಒಬ್ಬರ ಮರುಮಾತು: ಕೋರ್ಸಿನ ತೂಕ ಇಲ್ಲಿರಬೇಕು.

1993ರಲ್ಲಿ ಜೆಸ್ವಿಟರು ತಮ್ಮ ಬೋಧನಾಕ್ರಮವನ್ನು ಸಂದರ್ಭ, ಅನುಭವ, ಚಿಂತನೆ, ಕ್ರಿಯೆ, ಮೌಲ್ಯಮಾಪನ ಎಂದು ಹೊಸದಾಗಿ ನಿರೂಪಿಸಿದರು. ಮೊದಲು ಬರುವುದು ಸಂದರ್ಭ. ವಿದ್ಯಾರ್ಥಿಯ ಫೋನು ಅವನದೋ, ಅಣ್ಣತಮ್ಮಂದಿರದೂ ಹೌದೋ? ಕರೆಂಟು ಯಾವಾಗ ಇರುತ್ತದೆ? ಇದನ್ನು ಕೇಳದೆ ವೇಳಾಪಟ್ಟಿ ಹಾಕುವುದು ಅನ್ಯಾಯ.

ಇದು ಬರೀ ಆದರ್ಶವಲ್ಲ. ಕೀನ್ಯಾದ ಕಾಕುಮಾ, ಮಲಾವಿಯ ಜಲೇಕಾ ನಿರಾಶ್ರಿತ ಶಿಬಿರಗಳಲ್ಲಿ ಜೆಸ್ವಿಟರು 2010ರಲ್ಲಿ ಉನ್ನತ ಶಿಕ್ಷಣದ ಇಂಥದೊಂದು ಪ್ರಯೋಗ ಶುರುಮಾಡಿದರು. ಪಾಠ ಆನ್‌ಲೈನ್‌ನಲ್ಲಿ, ಡಿಪ್ಲೊಮಾ ಅಮೆರಿಕದ ಡೆನ್ವರ್‌ನಲ್ಲಿರುವ ರೀಜಿಸ್ ವಿಶ್ವವಿದ್ಯಾಲಯದ್ದು. ಶಿಬಿರದೊಳಗೊಂದು ಕಲಿಕಾ ಕೇಂದ್ರ, ಅಲ್ಲೇ ಸಿಗುವ ಸಹಾಯಕರು. ಬೇರೆ ಬೇರೆ ದೇಶಗಳ ನಿರಾಶ್ರಿತರು ಒಂದೇ ತರಗತಿಯಲ್ಲಿ ಚರ್ಚೆಗಿಳಿದರು. ಜಾಲ ಎಷ್ಟೇ ದೂರ ಚಾಚಿದರೂ ಎದುರಿಗೆ ಕೂತು ‘ಎಲ್ಲಿ ತೊಡಕಾಯಿತು?’ ಎನ್ನುವವರನ್ನು ಆ ಯೋಜನೆ ಕೈಬಿಡಲಿಲ್ಲ.

ಜೆಸ್ವಿಟರ ‘ಪುನರಾವರ್ತನೆ’ಯೂ ಬಾಯಿಪಾಠದಾಚೆಯದು. ಸಾಧನೆಯಲ್ಲಿ ಅದರರ್ಥ ಮನಸ್ಸು ಅರಳಿದ ಅಥವಾ ಮುದುಡಿದ ಜಾಗಕ್ಕೇ ಮತ್ತೆ ಹೋಗುವುದು. ವಾರದ ನೇರ ತರಗತಿಯನ್ನು ಹೊಸ ಪಾಠದಿಂದಲ್ಲ, ವಿದ್ಯಾರ್ಥಿಗಳು ತಡವರಿಸಿದ ಜಾಗದಿಂದ ಆರಂಭಿಸಬಹುದು. ಅದಕ್ಕೆ ಶಿಕ್ಷಕರು ಪ್ರತಿಯೊಬ್ಬರ ಬರಹ ಓದಿರಬೇಕು. ಒಬ್ಬರಿಗೆ ಮುನ್ನೂರು ಮಂದಿಯನ್ನು ಒಪ್ಪಿಸಿದರೆ ಇದು ಆಗದು. ಆನ್‌ಲೈನ್ ಎಂದರೆ ಅಗ್ಗ ಎಂದು ನಂಬಿರುವ ಆಡಳಿತ ಮಂಡಳಿಗಳು ಈ ಓದಿನ ಹೊತ್ತನ್ನೂ ಬೋಧನೆಯ ಅವಧಿಯೆಂದೇ ಲೆಕ್ಕ ಹಿಡಿಯಬೇಕು.