ಬ್ಯಾಟ್ರಿ ಭವಿಷ್ಯ ಹೇಳುವ ಮೀಟರು

ಹಾರನಹಳ್ಳಿಯವನು ಎಂದು ಹೇಳಿದ ಕೂಡಲೇ ಕಾಲೇಜಿನಲ್ಲಿ ಗೆಳೆಯರು ಕೇಳುವುದು ಒಂದೇ ಮಾತು: ‘ಕೋಡಿಮಠದ ಊರಾ ಮಗಾ? ನಮ್ ಪ್ಲೇಸ್‌ಮೆಂಟ್ ಭವಿಷ್ಯ ಏನು ಅಂತ ಕೇಳ್ಕೊಂಡ್ ಬಾ’. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇಗುಲಗಳೂ ನಮ್ಮೂರಲ್ಲಿವೆ ಎಂದರೆ ಯಾರಿಗೂ ಬೇಡ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಕಳೆದ ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಗಿನ ಜಾವ ಮಾತ್ರ ನಗು ಬರಲಿಲ್ಲ. ಮನೆಯಂಗಳದಲ್ಲಿ ನಿಂತಿದ್ದ ಬೈಕಿನ ಭವಿಷ್ಯವೇ ನನಗೆ ಗೊತ್ತಿರಲಿಲ್ಲ.

ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್‌ಗೆ ಲಿಖಿತ ಪರೀಕ್ಷೆ ಇತ್ತು. ಅರಸೀಕೆರೆ ಜಂಕ್ಷನ್‌ನಲ್ಲಿ ಬೆಳಗಿನ ರೈಲು ಹಿಡಿದರೆ ಸಮಯಕ್ಕೆ ಸರಿಯಾಗಿ ತಲುಪಬಹುದು. ಅಪ್ಪ ಡ್ರಾಪ್ ಕೊಡುತ್ತೇನೆ ಎಂದಿದ್ದರು. ಕೀ ತಿರುಗಿಸಿದರೆ ಮೀಟರಿನ ದೀಪ ಮಿಣುಕಿ ಆರಿತು. ಸೆಲ್ಫ್ ಒತ್ತಿದರೆ ‘ಟಿಕ್’ ಎಂಬ ಸದ್ದು, ಅಷ್ಟೇ. ಕಿಕ್ ಹೊಡೆದೆ. ಹೊಡೆದೇ ಹೊಡೆದೆ. ತಳ್ಳಿಕೊಂಡು ರಸ್ತೆಯ ತುದಿಯವರೆಗೂ ಓಡಿದೆವು. ಬೆವರು ಬಂತು, ಗಾಡಿ ಹೊರಡಲಿಲ್ಲ.

‘ಹಳೇ ಗಾಡೀಲಿ ಬ್ಯಾಟ್ರಿ ಸತ್ತಿದ್ರೂ ಎರಡು ಕಿಕ್ಕಿಗೆ ಹೊರಡೋದು ಕಣ್ಲಾ. ಇದೇನ್ ಗ್ರಾಚಾರ?’ ಎಂದರು ಅಪ್ಪ.

ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಗಾಡಿಯಲ್ಲಿ ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಮುಂದಿನದರಲ್ಲಿ ಹೋದೆ. ಗೇಟಿನ ಬಳಿ ಸೆಕ್ಯುರಿಟಿಯವರು ಗಡಿಯಾರ ತೋರಿಸಿದರು. ಅಲ್ಲಿಂದಲೇ ವಾಪಸ್ ಬಂದೆ.

ನಾನು ಓದುತ್ತಿರುವುದು ಬಿಇ ಎಲೆಕ್ಟ್ರಿಕಲ್. ಬ್ಯಾಟರಿಯ ಸಮೀಕರಣ ಪಿಯುಸಿಯಿಂದ ಬಾಯಿಪಾಠ. ಆದರೆ ಐದು ತಿಂಗಳ ಹಿಂದಷ್ಟೇ ಹೊಸದಾಗಿ ಹಾಕಿಸಿದ ಬ್ಯಾಟರಿ ಏಕೆ ಸತ್ತಿತು ಎಂದು ಅಪ್ಪ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಅಂಗಡಿಯಲ್ಲಿ ಜಗಳ

ಹಿಂದಿನ ಡಿಸೆಂಬರ್‌ನಲ್ಲಿ ಮೂಲ ಬ್ಯಾಟರಿ ನಿಂತುಹೋಗಿತ್ತು. ಬೈಕ್ ಕೊಂಡು ನಾಲ್ಕು ವರ್ಷವಾಗಿತ್ತು, ‘ಆಯಸ್ಸು ಮುಗೀತು’ ಎಂದುಕೊಂಡೆವು. ಅಂಗಡಿಯ ಹುಡುಗ ‘4 ಎಎಚ್ ಯಾಕಣ್ಣ, 5 ಎಎಚ್ ಹಾಕ್ಸಿ, ಪವರ್ ಜಾಸ್ತಿ’ ಎಂದ. ಅಪ್ಪ ನನ್ನ ಮುಖ ನೋಡಿದರು. ನಾನು ದೊಡ್ಡ ಎಂಜಿನಿಯರ್‌ನಂತೆ ತಲೆಯಾಡಿಸಿದೆ. 1,250 ರೂಪಾಯಿ ಕೊಟ್ಟು, ಹಳೆಯದನ್ನು ಅಲ್ಲೇ ಬಿಟ್ಟು ಬಂದೆವು. ವಾರಂಟಿ ಕಾರ್ಡಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳುವುದು ಇಬ್ಬರಿಗೂ ಹೊಳೆಯಲಿಲ್ಲ.

ಪರೀಕ್ಷೆ ತಪ್ಪಿದ ಮರುದಿನ ಅದೇ ಅಂಗಡಿಗೆ ಹೋದಾಗ ಅವರು ಹೇಳಿದ್ದು ಎರಡೇ ಮಾತು. ‘ಕಾರ್ಡಿನಲ್ಲಿ ಡೇಟಿಲ್ಲ. ಬ್ಯಾಟ್ರಿ ಚೆನ್ನಾಗೇ ಇತ್ತು, ನಿಮ್ಮ ಗಾಡೀಲೇ ಪ್ರಾಬ್ಲಂ’. ಸದಾ ಸಮಾಧಾನದಿಂದಿರುವ ಅಪ್ಪ ಅವತ್ತು ದನಿ ಎತ್ತಿದರು. ‘ನನ್ ಮಗನ ಪರೀಕ್ಷೆ ಹೋಯ್ತಲ್ರೀ ನಿಮ್ ಡಬ್ಬಾ ಬ್ಯಾಟ್ರಿಯಿಂದ’ ಎಂದುಬಿಟ್ಟರು. ಸುತ್ತ ಜನ ಸೇರಿದರು. ನಾನು ಅಪ್ಪನ ತೋಳು ಹಿಡಿದು ಕರೆದುಕೊಂಡು ಬಂದೆ.

ದಾರಿಯಲ್ಲಿ ಅಂಗಡಿಯವರ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಗಾಡಿಯಲ್ಲೇ ತೊಂದರೆ ಇದ್ದರೆ ಇನ್ನೊಂದು ಬ್ಯಾಟರಿ ಹಾಕಿದರೂ ಅದು ಉಳಿಯುವುದಿಲ್ಲ. ಹಾಸನಕ್ಕೆ ಹೋದಾಗ 300 ರೂಪಾಯಿಯ ಮಲ್ಟಿಮೀಟರ್ ಕೊಂಡುತಂದೆ. ಲ್ಯಾಬಿನಲ್ಲಿ ಅದನ್ನು ನೂರು ಸಲ ಹಿಡಿದಿದ್ದೆ. ಮನೆಯ ವಸ್ತುವಿಗೆ ಹಿಡಿದದ್ದು ಅದೇ ಮೊದಲು.

ನಾಲ್ಕು ಅಳತೆ

ಬ್ಯಾಟರಿ ಕೊಳ್ಳುವ ಮುನ್ನ ಎಲ್ಲರೂ ಈ ನಾಲ್ಕು ಅಳತೆ ನೋಡಲಿ ಎಂಬುದು ನನ್ನ ಆಸೆ. ಸ್ವಂತ ಮೀಟರ್ ಇಲ್ಲದಿದ್ದರೆ ಮೆಕ್ಯಾನಿಕ್ ಬಳಿ ಹೇಳಿ ಮಾಡಿಸಿ.

ಮೊದಲನೆಯದು, ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿಯ ವೋಲ್ಟೇಜ್. ಪೂರ್ತಿ ಚಾರ್ಜ್ ಆದ ಆರೋಗ್ಯವಂತ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆ. ಒಳಗೆ ಆರು ಸೆಲ್‌ಗಳಿರುತ್ತವೆ, ಒಂದೊಂದೂ ಸುಮಾರು 2.1 ವೋಲ್ಟ್. ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿದ ಮೇಲೂ 10.5ರ ಸುತ್ತಲೇ ನಿಂತರೆ ಒಂದು ಸೆಲ್ ಹೋಗಿದೆ ಎಂದರ್ಥ. ಅದಕ್ಕೆ ಔಷಧವಿಲ್ಲ. ನಮ್ಮದು 10.7ರಲ್ಲಿ ನಿಂತಿತ್ತು.

ಎರಡನೆಯದು, ಸೆಲ್ಫ್ ಒತ್ತುವಾಗಿನ ವೋಲ್ಟೇಜ್. ಆ ಕ್ಷಣದಲ್ಲಿ ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ. ಸುಮಾರು 9.5 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿಯಿಲ್ಲ. ಸುಮ್ಮನಿದ್ದಾಗ 12.5 ತೋರಿಸಿ, ಕೆಲಸ ಹೇಳಿದಾಗ ಕೈಕೊಡುವ ಬ್ಯಾಟರಿಗಳು ಬಹಳ.

ಮೂರನೆಯದು, ಎಂಜಿನ್ ಓಡುವಾಗಿನ ವೋಲ್ಟೇಜ್. ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಸುಮಾರು 13.5ರಿಂದ 14.5ರೊಳಗೆ ಇರಬೇಕು. ಕಡಿಮೆಯಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಗೆಳೆಯನ ಬ್ಯಾಟರಿಯನ್ನು ಸಾಲ ತಂದು ಹಾಕಿ ನೋಡಿದೆ. 14.1 ಬಂತು. ಅಂದರೆ ಚಾರ್ಜಿಂಗ್ ಸರಿಯಿತ್ತು.

‘ನೋಡ್ದಾ? ಗಾಡಿ ಸರಿಯಾಗೇ ಅದೆ. ಅವ್ನೇ ಕೆಟ್ಟದ್ದು ಕೊಟ್ಟಿದ್ದು’ ಎಂದರು ಅಪ್ಪ.

ನಾಲ್ಕನೆಯದೊಂದು ಬಾಕಿ ಇತ್ತು. ಕೀ ಆಫ್ ಮಾಡಿ, ಮೈನಸ್ ತಂತಿಯನ್ನು ಬಿಚ್ಚಿ, ಬ್ಯಾಟರಿಗೂ ತಂತಿಗೂ ನಡುವೆ ಮೀಟರನ್ನು ಸೇರಿಸಿ ಕರೆಂಟ್ ಅಳೆಯುವುದು. ಮೊದಲು 10 ಆಂಪಿಯರ್ ರೇಂಜ್‌ನಲ್ಲಿಟ್ಟು ಆಮೇಲೆ ಇಳಿಸಬೇಕು. ಈ ಹೊತ್ತಿನಲ್ಲಿ ತಪ್ಪಿಯೂ ಕೀ ತಿರುಗಿಸಬಾರದು, ಸೆಲ್ಫ್ ಒತ್ತಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ನಮ್ಮಂಥ ಸಾಧಾರಣ ಬೈಕಿನಲ್ಲಿ ಕೀ ಆಫ್ ಇದ್ದಾಗ ಒಂದೆರಡು ಮಿಲಿಆಂಪಿಯರ್ ಬಂದರೆ ಪರವಾಗಿಲ್ಲ.

ಮೀಟರ್ 38 ಮಿಲಿಆಂಪಿಯರ್ ತೋರಿಸಿತು.

ಕಳ್ಳ ಸಿಕ್ಕ

ಒಂದೊಂದೇ ತಂತಿ ಹಿಡಿದು ಹೋದೆ. ಹ್ಯಾಂಡಲ್ಲಿನ ಮೇಲಿದ್ದ ಮೊಬೈಲ್ ಚಾರ್ಜರ್‌ನ ತಂತಿ ತೆಗೆದ ಕೂಡಲೇ ಅಂಕಿ 1ಕ್ಕೆ ಇಳಿಯಿತು. ಮೊಬೈಲ್ ಸಿಕ್ಕಿಸದಿದ್ದರೂ ಹಗಲೂ ರಾತ್ರಿ ಅದು ಬ್ಯಾಟರಿಯಿಂದ ಕುಡಿಯುತ್ತಲೇ ಇತ್ತು. ಕೀ ಆಫ್ ಮಾಡಿದರೆ ನಿಲ್ಲುವಂಥ ಲೈನಿಗೆ ಕೊಡಬೇಕಾಗಿದ್ದನ್ನು ಯಾರೋ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದರು.

ಆ ಯಾರೋ ನಾನೇ. ದೀಪಾವಳಿ ರಜೆಯಲ್ಲಿ ಊರಿಗೆ ಬಂದಾಗ, ‘ತೋಟದಲ್ಲಿ ಫೋನ್ ಚಾರ್ಜ್ ಇರಲ್ಲ ಅಂತಿರ್ತೀಯಲ್ಲಪ್ಪ’ ಎಂದು ಹೇಳಿ, ಹತ್ತು ನಿಮಿಷದಲ್ಲಿ ಸಿಕ್ಕಿಸಿಕೊಟ್ಟಿದ್ದೆ. ಅಪ್ಪ ಅದನ್ನು ಡೇರಿಯಲ್ಲಿ ಹಾಲು ಹಾಕುವವರಿಗೆಲ್ಲ ತೋರಿಸಿದ್ದರು. ‘ನನ್ ಮಗ ಮಾಡಿದ್ದು’.

ಲೆಕ್ಕ ಸುಲಭವಾಗಿತ್ತು. 38 ಮಿಲಿಆಂಪಿಯರ್ ಅಂದರೆ ದಿನಕ್ಕೆ ಸುಮಾರು 0.9 ಎಎಚ್. 4 ಎಎಚ್ ಬ್ಯಾಟರಿ ನಾಲ್ಕೂವರೆ ದಿನಕ್ಕೆ ಖಾಲಿ, 5 ಎಎಚ್ ಆದರೆ ಐದೂವರೆ ದಿನ. ಅಪ್ಪನ ಓಡಾಟ ಮನೆ, ಡೇರಿ, ತೋಟ. ಒಂದೊಂದೂ ಒಂದೂವರೆ ಕಿಲೊಮೀಟರ್. ಪ್ರತಿ ಸಲ ಸೆಲ್ಫ್. ಎಳೆದದ್ದನ್ನು ತುಂಬುವಷ್ಟು ದೂರ ಗಾಡಿ ಓಡುತ್ತಲೇ ಇರಲಿಲ್ಲ. ಅದರ ಮೇಲೆ, ಪರೀಕ್ಷೆಯ ಹಿಂದಿನ ವಾರ ಅಪ್ಪನಿಗೆ ಜ್ವರ, ಗಾಡಿ ಏಳು ದಿನ ನಿಂತಲ್ಲೇ ನಿಂತಿತ್ತು.

ಬೈಕಿನ ಬ್ಯಾಟರಿ ಸೀಸದ ತಟ್ಟೆಗಳು ಮತ್ತು ಸಲ್ಫ್ಯೂರಿಕ್ ಆಮ್ಲದ ಸಂಸಾರ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು ಮೂಲತಃ ಇದೇ. ಬರಿದಾಗುವಾಗ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ಬರಿದಾದ ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಕರಗುವುದಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಡಿಸೆಂಬರ್‌ನಲ್ಲಿ ಸತ್ತ ಮೊದಲ ಬ್ಯಾಟರಿಯ ಆಯಸ್ಸನ್ನೂ ಬಹುಶಃ ನಾನೇ ಕಡಿಮೆ ಮಾಡಿದ್ದೆ.

ಕಿಕ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ಪಂಪು, ಇಂಜೆಕ್ಟರ್, ಅವನ್ನು ಆಳುವ ಇಸಿಯು ಎಲ್ಲಕ್ಕೂ ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಕುಸಿದರೆ ಅಪ್ಪನ ಕಾಲದ ಕಿಕ್ಕಿನ ಮಂತ್ರ ಇಲ್ಲಿ ನಡೆಯದೇ ಹೋಗಬಹುದು. ಹೊಸ ಗಾಡಿ ಇರುವವರು ಇದನ್ನು ನೆನಪಿಡಬೇಕು.

ಹೊಸದನ್ನು ಆರಿಸುವಾಗ

ಎಕ್ಸೈಡೋ ಅಮರಾನೋ ಎಂಬುದು ಎಲ್ಲರ ಮೊದಲ ಪ್ರಶ್ನೆ. ನನ್ನ ಅನುಭವದಲ್ಲಿ ಅದು ಕೊನೆಯ ಪ್ರಶ್ನೆಯಾಗಬೇಕು. ಮೊದಲು ಹಳೆಯ ಬ್ಯಾಟರಿಯ ಮೇಲಿರುವುದನ್ನು ಫೋಟೊ ತೆಗೆದುಕೊಳ್ಳಿ. 12 ವೋಲ್ಟ್, ಎಷ್ಟು ಎಎಚ್, ಉದ್ದ ಅಗಲ ಎತ್ತರ, ಪ್ಲಸ್ ಎಡಕ್ಕಿದೆಯೋ ಬಲಕ್ಕೋ. ಪ್ಲಸ್ ಅದಲುಬದಲಾದರೆ ತಂತಿ ಮುಟ್ಟುವುದಿಲ್ಲ. ಎಳೆದು ಉಲ್ಟಾ ಕೊಟ್ಟರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ರೆಗ್ಯುಲೇಟರನ್ನೂ ಕರೆದುಕೊಂಡು ಹೋಗುತ್ತದೆ.

ಎಎಚ್ ಎಂದರೆ ಪವರ್ ಅಲ್ಲ, ಕೊಡದ ಗಾತ್ರ. 100 ಸಿಸಿ ಬೈಕಿಗೆ ಸಾಮಾನ್ಯವಾಗಿ 3ರಿಂದ 5, ದೊಡ್ಡವಕ್ಕೆ 8, 9 ಇರುತ್ತದೆ. ಒಂದು ಅಂಕಿ ಹೆಚ್ಚು ಹಾಕಿದರೆ ಗಾಡಿ ಸುಟ್ಟುಹೋಗುವುದಿಲ್ಲ, ಆದರೆ ನಲ್ಲಿಯ ನೀರು ಹೆಚ್ಚಾಗುವುದೂ ಇಲ್ಲ. ಗಾಡಿ ತುಂಬುವಷ್ಟನ್ನೇ ತುಂಬುತ್ತದೆ. ಪೆಟ್ಟಿಗೆಯಲ್ಲಿ ಸರಿಯಾಗಿ ಕೂರದೆ ಅಲುಗಾಡಿದರೆ ನಮ್ಮ ತೋಟದ ದಾರಿಯ ಕುಲುಕಾಟಕ್ಕೆ ಒಳಗಿನ ತಟ್ಟೆಗಳು ಹಾಳಾಗುತ್ತವೆ. ಕಂಪನಿ ಹೇಳಿದ ಅಳತೆಯೇ ಸಾಕು.

ಲಿಥಿಯಂ ಬ್ಯಾಟರಿಯ ಆಕರ್ಷಣೆಯೂ ಇದೆ. ಹಗುರ, ಬಾಳಿಕೆ ಹೆಚ್ಚು. ಬೆಲೆ ಮಾತ್ರ ಕೆಲವು ಪಟ್ಟು. ಗಾಡಿಯ ಚಾರ್ಜಿಂಗ್ ವ್ಯವಸ್ಥೆ ಅದಕ್ಕೆ ಹೊಂದುತ್ತದೆ ಎಂದು ಖಾತ್ರಿಯಾಗದೆ ಹಾಕಬಾರದು. ಹಾಲು ಹಾಕಲು ಹೋಗುವ ಗಾಡಿಗೆ ಸೀಲ್ಡ್ ಮೆಂಟೆನೆನ್ಸ್ ಫ್ರೀ ಬ್ಯಾಟರಿ ಧಾರಾಳವಾಗಿ ಆಯಿತು.

ತಯಾರಾದ ತಿಂಗಳು ನೋಡಿ. ಅಂಗಡಿಯ ಅಟ್ಟದಲ್ಲಿ ತಿಂಗಳುಗಟ್ಟಲೆ ಕೂತದ್ದೂ ಮೆಲ್ಲಗೆ ಬರಿದಾಗುತ್ತಿರುತ್ತದೆ. ಅಲ್ಲೇ ಮೀಟರ್ ಇಡಿಸಿ, 12.6 ಇಲ್ಲದಿದ್ದರೆ ಬೇರೆಯದು ಕೇಳಿ. ಆಸಿಡ್ ಸುರಿದು ಕೊಡುವ ಬ್ಯಾಟರಿಯಾದರೆ ಮೊದಲ ಚಾರ್ಜ್ ಪೂರ್ತಿ ಆಗುವವರೆಗೂ ಕಾಯಿರಿ. ಬಿಲ್ಲು, ಸೀಲು, ದಿನಾಂಕ ಮೂರೂ ಕೈಗೆ ಬಂದ ಮೇಲೆ ಹಣ ಕೊಡಿ. ವಾರಂಟಿಯಲ್ಲಿ ಎಷ್ಟು ತಿಂಗಳು ಉಚಿತ ಬದಲಾವಣೆ, ಎಷ್ಟು ತಿಂಗಳು ಬರೀ ರಿಯಾಯಿತಿ ಎಂಬುದನ್ನೂ ಓದಿ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಪ್ಲಸ್ ಮೊದಲು.

ಹಳೆಯದನ್ನು ತಿಪ್ಪೆಗೆ ಎಸೆಯಬೇಡಿ. ಅದರಲ್ಲಿರುವುದು ಸೀಸ ಮತ್ತು ಆಮ್ಲ, ನೆಲಕ್ಕೂ ನೀರಿಗೂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವುದು ತಯಾರಕರ ಹೊಣೆ. ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆಯೂ ಆಗುತ್ತದೆ.

ಮತ್ತೆ ಅದೇ ಅಂಗಡಿ

ಅಪ್ಪನಿಗೆ ವಿಷಯ ಹೇಳಲು ಒಂದು ರಾತ್ರಿ ಬೇಕಾಯಿತು. ಊಟದ ಹೊತ್ತಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ತುಸು ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಆ ಅಂಗ್ಡಿಯೋನಿಗೆ ಸುಮ್ನೆ ಬೈದ್ನಲ್ಲಲಾ’ ಎಂದರು. ನನ್ನ ಪರೀಕ್ಷೆಗಿಂತ, ಹೋದ ದುಡ್ಡಿಗಿಂತ ಆ ಮಾತು ಅವರನ್ನು ಹೆಚ್ಚು ಕಾಡಿತ್ತು.

ಮರುದಿನ ಇಬ್ಬರೂ ಹೋದೆವು. ಅಪ್ಪ ‘ತಪ್ಪು ನಮ್ದೇ ಸ್ವಾಮಿ’ ಎಂದರು. ನಾನು ಚಾರ್ಜರ್‌ನ ಕಥೆ ಹೇಳಿದೆ. ಅಂಗಡಿಯವರು ನಕ್ಕು, ‘ಎಂಜಿನಿಯರ್ ಮಕ್ಕಳಿರೋ ಮನೆ ಬ್ಯಾಟ್ರಿ ಜಾಸ್ತಿ ಬರ್ತವೆ ನಮ್ಹತ್ರ’ ಎಂದು ಟೀ ತರಿಸಿದರು. ಈ ಸಲ 4 ಎಎಚ್‌ನದನ್ನೇ ತೆಗೆದುಕೊಂಡೆವು. 12.8 ವೋಲ್ಟ್ ಇತ್ತು. ಸೀಲು ಹಾಕಿಸುವುದನ್ನು ಅವರೇ ನೆನಪಿಸಿದರು. ಚಾರ್ಜರನ್ನು ಕೀ ಲೈನಿಗೆ, ಫ್ಯೂಸ್ ಸಮೇತ, ನಾನೇ ಮತ್ತೆ ಜೋಡಿಸಿದೆ.

ಆ ಇಂಟರ್ನ್‌ಶಿಪ್ ಮತ್ತೆ ಸಿಗಲಿಲ್ಲ. ಬೇರೆ ಕಡೆ ಅರ್ಜಿ ಹಾಕುತ್ತಿದ್ದೇನೆ. ರೆಸ್ಯೂಮೆಯಲ್ಲಿ ಪ್ರಾಜೆಕ್ಟ್‌ಗಳ ಪಟ್ಟಿ ಉದ್ದವಿದೆ, ಆದರೆ ನಾನು ನಿಜವಾಗಿ ಮಾಡಿದ ಮೊದಲ ಎಲೆಕ್ಟ್ರಿಕಲ್ ಕೆಲಸ ಆ ಪಟ್ಟಿಯಲ್ಲಿಲ್ಲ. ಈಗ ಭಾನುವಾರ ಊರಿಗೆ ಹೋದಾಗಲೆಲ್ಲ ಅಪ್ಪ ಅಟ್ಟದಿಂದ ಮೀಟರ್ ತೆಗೆದು ಕೈಗಿಡುತ್ತಾರೆ. ‘ಎಷ್ಟದೆ ನೋಡ್ಲಾ’. ಅಂಕಿ ಹೇಳುತ್ತೇನೆ. ಅವರು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕ, ಅದನ್ನು ಬರೆದಿಡುತ್ತಾರೆ.