ಯೆಹೂದ್ಯರ ಹೊಸವರ್ಷವೂ ಮಕ್ಕಳ ಕೈಕೆಲಸದ ಪಾಠವೂ

ಯೆಹೂದ್ಯರ ವರ್ಷಾರಂಭವಾದ ರೋಶ್ ಹಷಾನಾ ತಿಶ್ರಿ ಮಾಸದ ಮೊದಲ ಎರಡು ದಿನಗಳಲ್ಲಿ, ಎಂದರೆ ಸೆಪ್ಟೆಂಬರಿನಲ್ಲಿ ಅಥವಾ ಅಕ್ಟೋಬರಿನ ಆದಿಯಲ್ಲಿ, ಬರುತ್ತದೆ. ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುವುದು, ಹಿಟ್ಟು ನಾದಿ ದುಂಡನೆಯ ರೊಟ್ಟಿ ಮಾಡುವುದು, ಶುಭಾಶಯಪತ್ರಗಳಿಗೆ ಬಣ್ಣ ಹಚ್ಚುವುದು, ಇವು ಯೆಹೂದ್ಯ ಶಿಶುವಿಹಾರಗಳಲ್ಲಿ ಆ ಕಾಲಕ್ಕೆ ನಡೆಯುವ ಕೆಲಸಗಳು. ರಮ್ಯವಾದುವೇ, ಸಂದೇಹವಿಲ್ಲ. ಆದರೆ ಪಾಠವು ಜೇನಿನ ಬಟ್ಟಲಿನಲ್ಲಿಯೇ ನಿಂತುಬಿಟ್ಟರೆ, ಇದು ದೇವರು ಮನುಷ್ಯರ ನಡತೆಯನ್ನು ವಿಚಾರಿಸುವ ದಿನವೆಂಬುದೂ, ಹತ್ತನೆಯ ದಿನದ ಪ್ರಾಯಶ್ಚಿತ್ತದ ಉಪವಾಸಕ್ಕೆ ಪೀಠಿಕೆಯೆಂಬುದೂ ಮರೆಯಾಗುತ್ತವೆ. ಹಾಗಾದರೆ ಎಳೆಯ ಮಕ್ಕಳಿಗೆ ಕೈಕೆಲಸದಿಂದ ಇದಕ್ಕಿಂತ ಹೆಚ್ಚನ್ನು ಕಲಿಸಲು ಸಾಧ್ಯವೇ? ಕ್ರಿ. ಶ. 200ರ ಸುಮಾರಿನಲ್ಲಿ ಸಂಕಲಿತವಾದ ಮಿಷ್ನಾ ಗ್ರಂಥದಲ್ಲಿಯೇ ಇದಕ್ಕೆ ಉತ್ತರ ದೊರೆಯುವುದು ನಮಗೆ ಕುತೂಹಲಕರವಾಗಿ ತೋರುತ್ತದೆ.

ಪೂರ್ವಕಾಲದಲ್ಲಿ ಅಮಾವಾಸ್ಯೆಯ ನಂತರ ಚಂದ್ರರೇಖೆಯನ್ನು ಕಣ್ಣಾರೆ ಕಂಡವರು ಬಂದು ಸಾಕ್ಷಿ ನುಡಿದ ಮೇಲೆಯೇ ತಿಂಗಳು ಆರಂಭವಾಯಿತೆಂದು ಪಂಡಿತಸಭೆ ಸಾರುತ್ತಿತ್ತು. ರಬ್ಬಾನ್ ಗಮಲಿಯೇಲನು ಚಂದ್ರನ ವಿವಿಧ ಆಕಾರಗಳನ್ನು ಹಲಗೆಯ ಮೇಲೂ ತನ್ನ ಮೇಲುಪ್ಪರಿಗೆಯ ಗೋಡೆಯ ಮೇಲೂ ಬರೆಸಿಟ್ಟುಕೊಂಡು, ಅಕ್ಷರವರಿಯದ ಸಾಕ್ಷಿಗಳಿಗೆ ಅವನ್ನು ತೋರಿಸಿ ಕಂಡದ್ದು ಯಾವುದೆಂದು ಕೇಳುತ್ತಿದ್ದನಂತೆ. ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇಕೆ! ಮಕ್ಕಳಿಂದಲೇ ಅಂಥ ಚಿತ್ರಗಳನ್ನು ಬರೆಯಿಸಿ, ಇಬ್ಬರನ್ನು ಸಾಕ್ಷಿಗಳನ್ನಾಗಿಯೂ ಮೂವರನ್ನು ನ್ಯಾಯಾಧೀಶರನ್ನಾಗಿಯೂ ನಿಲ್ಲಿಸಬಹುದು. ತಿಂಗಳಿಗೆ 29 ದಿನವೋ 30 ದಿನವೋ ಎಂಬುದು ಸಾಕ್ಷಿ ಬರುವವರೆಗೂ ತಿಳಿಯದು. ಈ ಹಬ್ಬವಾದರೋ ತಿಂಗಳ ಮೊದಲ ದಿನವೇ ಬರತಕ್ಕದ್ದು. ಎರಡು ದಿನಗಳ ಆಚರಣೆಗೆ ಮೂಲವಾದ ಈ ತೊಡಕನ್ನು ಮಕ್ಕಳು ಆಟದಲ್ಲಿಯೇ ಕಂಡುಕೊಳ್ಳುತ್ತಾರೆ. ಮುಂದೆ ಸಾಕ್ಷಿಯ ಸ್ಥಾನಕ್ಕೆ ಗಣಿತ ಬಂದಿತು. 19 ವರ್ಷಗಳಲ್ಲಿ 7 ಅಧಿಕಮಾಸಗಳನ್ನು ಸೇರಿಸುವ ಆ ಲೆಕ್ಕವು ನಮ್ಮ ಪಂಚಾಂಗವನ್ನು ಬಲ್ಲವರಿಗೆ ಅಪರಿಚಿತವೆನಿಸದು.

ಇನ್ನು ಶೋಫಾರ್, ಎಂದರೆ ಟಗರಿನ ಕೊಂಬು. ಮಕ್ಕಳು ರಟ್ಟನ್ನು ಸುತ್ತಿ ಕೊಂಬಿನ ಆಕಾರ ಮಾಡುವುದುಂಟು. ಆದರೆ ವಿಧಿಯಿರುವುದು ಆಕಾರದಲ್ಲಲ್ಲ, ಧ್ವನಿಯನ್ನು ಕೇಳುವುದರಲ್ಲಿ. ತೆಕಿಯಾ ಎಂಬುದು ಒಂದೇ ನೀಳವಾದ ಧ್ವನಿ; ಶೆವಾರಿಮ್ ಮೂರು ತುಂಡಾಗಿ ನರಳಿದಂತೆ; ತೆರುವಾ ಚಿಕ್ಕ ಚಿಕ್ಕದಾಗಿ ಬಿಕ್ಕಿದಂತೆ. ಇವನ್ನು ಕಣ್ಣು ಮುಚ್ಚಿ ಕೇಳಿ ಗುರುತಿಸುವುದು ಐದು ವರ್ಷದ ಮಗುವಿಗೂ ಸಾಧ್ಯ. ಹಳ್ಳದೊಳಗೆ ಅಥವಾ ದೊಡ್ಡ ಹರವಿಯೊಳಗೆ ಊದಿದಾಗ ಕೊಂಬಿನ ಧ್ವನಿಯೇ ಕೇಳಿದರೆ ವಿಧಿ ಸಲ್ಲುತ್ತದೆ, ಪ್ರತಿಧ್ವನಿ ಕೇಳಿದರೆ ಸಲ್ಲದು ಎಂದು ಮಿಷ್ನಾ ಹೇಳುತ್ತದೆ. ಹರವಿಯೊಂದನ್ನು ತಂದಿಟ್ಟರೆ ಈ ಭೇದವನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಗದ್ದಲವನ್ನು ಉಪಾಧ್ಯಾಯರು ಸಹಿಸಿಕೊಳ್ಳಬೇಕಷ್ಟೆ.

ಮಕ್ಕಳು ಕೊಂಬೂದುವುದನ್ನು ತಡೆಯಬಾರದು, ಕಲಿಯುವವರೆಗೂ ಅವರೊಡನೆ ಅಭ್ಯಾಸ ಮಾಡಬೇಕು ಎಂದು ಅದೇ ಗ್ರಂಥ ವಿಧಿಸುತ್ತದೆ. ಆದರೆ ಒಡನೆಯೇ, ಕೇವಲ ಅಭ್ಯಾಸಕ್ಕಾಗಿ ಊದಿದವನಿಗೆ ವಿಧಿಯನ್ನು ನೆರವೇರಿಸಿದಂತಾಗಲಿಲ್ಲವೆಂದೂ ಸೇರಿಸುತ್ತದೆ. ಅಭ್ಯಾಸ ಬೇರೆ, ಆಚರಣೆ ಬೇರೆ. ಯೆಹೂದ್ಯೇತರ ಶಾಲೆಗಳಲ್ಲಿ ಈ ಪಾಠ ಮಾಡುವವರಿಗೆ ಇಷ್ಟು ಎಚ್ಚರ ಅತ್ಯವಶ್ಯವೆಂದು ನಮ್ಮ ಅಭಿಪ್ರಾಯ. ಚಂದ್ರನನ್ನು ಬರೆಯಿಸಬಹುದು, ಕೊಂಬಿನ ಧ್ವನಿಮುದ್ರಿಕೆಯನ್ನು ಕೇಳಿಸಬಹುದು. ಅನ್ಯರ ಪ್ರಾರ್ಥನೆಯನ್ನು ನಾಟಕವಾಗಿ ಆಡಿಸಲಾಗದು. ಹಬ್ಬವು ದೂರದೇಶದ್ದೆಂದು ಕೊಂಕಣ ಕರಾವಳಿಯ ಮಕ್ಕಳಿಗೆ ಹೇಳಬೇಕಾಗಿಯೂ ಇಲ್ಲ. ಅಲ್ಲಿ ನೆಲೆಸಿದ ಬೆನೆ ಇಸ್ರೇಲ್ ಯೆಹೂದ್ಯರು ಇದೇ ದಿನವನ್ನು ಮರಾಠಿಯಲ್ಲಿ 'ನವ್ಯಾಚಾ ಸಣ' ಎಂದು ಕರೆದು ಆಚರಿಸುತ್ತಿದ್ದರು.