ಮಡಿಕೆಯಲ್ಲಿ ಸೀಳುವ ಜರಿ

ರೇಷ್ಮೆಗೂಡಿನ ಮಾರುಕಟ್ಟೆಯುಳ್ಳ ಹಿಂದೂಪುರದಲ್ಲಾಗಲಿ, ಕಲ್ಯಾಣದುರ್ಗದಲ್ಲಾಗಲಿ, ತಾಯಿಯ ಧಾರೆ ಸೀರೆಯನ್ನು ಮಗಳ ಮದುವೆಗೆಂದು ಹೊರತೆಗೆದಾಗ ಅದು ಮಡಿಕೆಯ ಗೆರೆಯಲ್ಲೇ ಸೀಳಿರುವುದುಂಟು. ಅಸಲಿ ಜರಿಯೆಂದರೆ ನೂಲಿಗೆ ಸುತ್ತಿದ, ಚಪ್ಪಟೆಯಾದ ಅತಿ ತೆಳುವಾದ ಬೆಳ್ಳಿಯ ತಂತಿ. ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಬಾಗಿದ ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ ಬೆಳೆಯುತ್ತವೆ. ಇದೇ ಲೋಹದ ದಣಿವು. ಅಜ್ಜಿಯರು ಆಗಾಗ ಮಡಿಕೆ ಬದಲಿಸುತ್ತಿದ್ದುದು ವೃಥಾ ಶ್ರಮವಲ್ಲ.

ಒಂದೇ ಪರಮಾಣುವಿನಷ್ಟು ದಪ್ಪವಿರುವ ಇಂಗಾಲದ ಹಾಳೆ ಗ್ರಾಫೀನ್. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದು ನೂರು ಕೋಟಿಗೂ ಮಿಕ್ಕಿದ ಸಲದ ಒತ್ತಡವನ್ನು ತಾಳಿತು. ಆದರೆ ಸೋತಾಗ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಹರಿಯಿತು. ಜರಿಯಾದರೋ ನೋಟೀಸು ಕೊಡದೆ ಹೋಗುವುದಿಲ್ಲ: ಮೊದಲು ಮಡಿಕೆಯ ಅಂಚಿನಲ್ಲಿ ಒಂದೆರಡು ಎಳೆಗಳು ಏಳುತ್ತವೆ. ಅವು ಕಂಡ ದಿನವೇ ಸೀರೆಯನ್ನು ಬೇರೆ ಗೆರೆಯಲ್ಲಿ ಮಡಿಸತಕ್ಕದ್ದು.